ಟರ್ಮಿನಲ್‌ನಿಂದ ವಾಲ್‌ಪೇಪರ್: ಫೆಹ್, ಜಿಸೆಟ್ಟಿಂಗ್ಸ್, ಸ್ವೇಬಿಜಿ... ನಿಮಗೆ ಯಾವುದು?

ರೈಟ್ ಕ್ಲಿಕ್ ಮಾಡಿ, ಫೋಟೊ ಆರಿಸಿ, ಮುಗೀತು. ಇರುವುದು ಒಂದೇ ಕಂಪ್ಯೂಟರ್, ವಾಲ್‌ಪೇಪರ್ ಬದಲಿಸುವುದು ಯಾವಾಗಲೋ ಒಮ್ಮೆ ಅನ್ನುವವರಿಗೆ ಇಷ್ಟೇ ಸಾಕು. ಆದರೆ ಲ್ಯಾಬ್ ತುಂಬ ಇರುವ ಸಿಸ್ಟಮ್‌ಗಳಿಗೆಲ್ಲ ಒಂದೇ ಚಿತ್ರ ಹಾಕಬೇಕು ಅಂದರೆ? ದಿನಾ ಬೆಳಿಗ್ಗೆ ಫೋಟೊ ತಾನಾಗಿಯೇ ಬದಲಾಗಬೇಕು ಅಂದರೆ? ಪೂರ್ತಿ ಡೆಸ್ಕ್‌ಟಾಪ್ ಇಲ್ಲದೆ ಐ3 ಥರದ ಹಗುರ ವಿಂಡೋ ಮ್ಯಾನೇಜರ್ (ಕಿಟಕಿಗಳನ್ನು ಜೋಡಿಸುವ ಪ್ರೋಗ್ರಾಮ್) ಮಾತ್ರ ಹಾಕಿಕೊಂಡವರಿಗಂತೂ ರೈಟ್ ಕ್ಲಿಕ್ ಮಾಡಿದರೆ ಮೆನುವೇ ಬರುವುದಿಲ್ಲ. ಆಗ ಟರ್ಮಿನಲ್ ತೆರೆದು ಟೈಪ್ ಮಾಡುವ ಕಮಾಂಡ್ ಬೇಕೇ ಬೇಕು. ಇಲ್ಲಿ ಹೇಳುವುದು ಹೆಚ್ಚಾಗಿ ಲಿನಕ್ಸ್ ಬಗ್ಗೆ.

ನಾನು ಬಾಗಲಕೋಟೆಯ ನವನಗರದಲ್ಲಿ ಒಂದು ಕಾಲೇಜಿನ ಲ್ಯಾಬ್ ನೋಡಿಕೊಳ್ಳುತ್ತೇನೆ. ಉಬುಂಟು ಇರುವ ಹೊಸ ಸಿಸ್ಟಮ್‌ಗಳಿವೆ, ಎಕ್ಸ್‌ಎಫ್‌ಸಿಇ ಅನ್ನೋ ಹಗುರ ಡೆಸ್ಕ್‌ಟಾಪ್ ಹಾಕಿ ಹೇಗೋ ಓಡಿಸುತ್ತಿರುವ ಹಳೆಯವೂ ಇವೆ. ಇವಲ್ಲದೆ ಹುಡುಗರು ತಮ್ಮ ಲ್ಯಾಪ್‌ಟಾಪ್‌ಗಳನ್ನೂ ತಂದು ಮುಂದಿಡುತ್ತಾರೆ. ದೂರು ಹೆಚ್ಚುಕಡಿಮೆ ಒಂದೇ: "ಸರ್, ಕಮಾಂಡ್ ಹೊಡದ್ರ ಎರರ್ ಏನೂ ಬರವಲ್ದ್ರಿ, ಫೋಟೊನೂ ಬರವಲ್ದ್ರಿ."

ಎರರ್ ಬಂದಿಲ್ಲ ಅಂದರೆ ಕಮಾಂಡ್ ತನ್ನ ಕೆಲಸ ಮಾಡಿದೆ. ಚಿತ್ರ ಹೋಗಿ ಕೂತಿದ್ದು ಕಣ್ಣಿಗೆ ಬೀಳದ ಜಾಗದಲ್ಲಿ, ಅಷ್ಟೇ. ಹಾಗಾಗಿ ಯಾವ ಪ್ರೋಗ್ರಾಮ್ ಒಳ್ಳೇದು ಅಂತ ಕೇಳುವ ಮೊದಲು ಇನ್ನೊಂದು ಪ್ರಶ್ನೆ ಕೇಳಿಕೊಳ್ಳಿ: ನಿಮ್ಮ ಸ್ಕ್ರೀನಿನ ಹಿನ್ನೆಲೆ ಬಿಡಿಸುತ್ತಿರುವುದು ಯಾರು? ಅದು ಗೊತ್ತಾದರೆ ಮುಕ್ಕಾಲು ಆಯ್ಕೆ ಮುಗಿದ ಹಾಗೆ.

(ಕಮಾಂಡುಗಳನ್ನು ಇಲ್ಲಿ ಕನ್ನಡದಲ್ಲೇ ಬರೆದಿದ್ದೇನೆ. ಟೈಪ್ ಮಾಡುವುದು ಇಂಗ್ಲಿಷ್ ಅಕ್ಷರಗಳಲ್ಲಿ. ಚಿಕ್ಕಕ್ಷರ, ದೊಡ್ಡಕ್ಷರ ನೋಡಿಕೊಳ್ಳಿ. ಫೆಹ್ ಅಂದರೆ ಎಫ್, ಇ, ಎಚ್, ಮೂರೇ ಅಕ್ಷರ.)

ಯಾರು ಬಿಡಿಸುತ್ತಿದ್ದಾರೆ?

ಟರ್ಮಿನಲ್ ತೆರೆದು ಈ ಎರಡು ಸಾಲು ಹೊಡೆಯಿರಿ. ಡಾಲರ್ ಚಿಹ್ನೆಯ ನಂತರದ್ದೆಲ್ಲ ದೊಡ್ಡಕ್ಷರ.

ಎಕೊ $ಎಕ್ಸ್‌ಡಿಜಿ_ಸೆಷನ್_ಟೈಪ್
ಎಕೊ $ಎಕ್ಸ್‌ಡಿಜಿ_ಕರೆಂಟ್_ಡೆಸ್ಕ್‌ಟಾಪ್

ಮೊದಲನೆಯದು ಎಕ್ಸ್11 ಅಥವಾ ವೇಲ್ಯಾಂಡ್ ಅನ್ನುತ್ತದೆ. ಇವೆರಡೂ ಸ್ಕ್ರೀನ್ ಮೇಲೆ ಕಿಟಕಿಗಳನ್ನು ತೋರಿಸುವ ವ್ಯವಸ್ಥೆಗಳು, ಎಕ್ಸ್11 ಹಳೇದು, ವೇಲ್ಯಾಂಡ್ ಹೊಸದು. ಎರಡನೆಯದು ಗ್ನೋಮ್, ಕೆಡಿಇ, ಎಕ್ಸ್‌ಎಫ್‌ಸಿಇ ಅಂತ ಡೆಸ್ಕ್‌ಟಾಪಿನ ಹೆಸರು ಹೇಳುತ್ತದೆ.

ಎಕ್ಸ್11ನಲ್ಲಿ ಎಲ್ಲ ವಿಂಡೋಗಳ ಕೆಳಗೆ ರೂಟ್ ವಿಂಡೋ ಅಂತ ಒಂದಿರುತ್ತದೆ. ಫೆಹ್, ಎಕ್ಸ್‌ವಾಲ್‌ಪೇಪರ್, ಎಚ್‌ಸೆಟ್‌ರೂಟ್, ನೈಟ್ರೋಜನ್ ಇವೆಲ್ಲ ಚಿತ್ರ ಹಚ್ಚುವುದು ಅದರ ಮೇಲೆ. ಐ3, ಓಪನ್‌ಬಾಕ್ಸ್, ಡಿಡಬ್ಲ್ಯುಎಂ ಇದ್ದರೆ ರೂಟ್ ವಿಂಡೋ ನೇರವಾಗಿ ಕಣ್ಣಿಗೆ ಕಾಣುತ್ತದೆ. ಗ್ನೋಮ್, ಕೆಡಿಇ, ಎಕ್ಸ್‌ಎಫ್‌ಸಿಇಗಳಲ್ಲಿ ಡೆಸ್ಕ್‌ಟಾಪ್ ತನ್ನದೇ ಹಿನ್ನೆಲೆಯನ್ನು ಅದರ ಮೇಲೆ ಬಿಡಿಸುತ್ತದೆ. ಆಗ ಫೆಹ್ ಹಚ್ಚಿದ ಚಿತ್ರ ಅಡಿಯಲ್ಲಿ ಉಳಿದುಬಿಡುತ್ತದೆ. ವೇಲ್ಯಾಂಡಿನಲ್ಲಿ ಈ ರೂಟ್ ವಿಂಡೋ ಅನ್ನೋದೇ ಇಲ್ಲ.

ಹುಡುಗರ ತಲೆನೋವಿಗೆ ಕಾರಣ ಬಹುತೇಕ ಇದೇ. ಇಂಟರ್ನೆಟ್‌ನಲ್ಲಿ ಸಿಗುವ ಹಳೇ ಸಲಹೆಗಳಲ್ಲಿ ಅರ್ಧಕ್ಕರ್ಧ ಫೆಹ್ ಹಾಕಿ ಅನ್ನುತ್ತವೆ. ಉಬುಂಟು 21.04ರಿಂದ ಹೆಚ್ಚಿನ ಸಿಸ್ಟಮ್‌ಗಳಲ್ಲಿ ಮೊದಲಿನಿಂದಲೇ ವೇಲ್ಯಾಂಡ್ ಬರುತ್ತಿದೆ. 25.10ರಲ್ಲಂತೂ ಗ್ನೋಮ್‌ಗೆ ಎಕ್ಸ್11 ಸೆಷನ್ನೇ ಕೊಟ್ಟಿಲ್ಲ. ಅಲ್ಲಿ ಫೆಹ್ ಬರೀ ಫೋಟೊ ನೋಡಲು ಒಳ್ಳೆಯ ಪ್ರೋಗ್ರಾಮ್, ವಾಲ್‌ಪೇಪರ್‌ಗೆ ಬರುವುದಿಲ್ಲ.

ಉಬುಂಟು, ಗ್ನೋಮ್ ಇದ್ದವರಿಗೆ

ಇಲ್ಲಿ ಆಯ್ಕೆ ಅಂತ ತಲೆ ಕೆಡಿಸಿಕೊಳ್ಳೋದೇ ಬೇಡ. ಗ್ನೋಮ್ ಸೆಟ್ಟಿಂಗ್ ಬದಲಿಸುವ ಜಿಸೆಟ್ಟಿಂಗ್ಸ್ ಕಮಾಂಡ್ ಒಂದೇ ದಾರಿ, ಮತ್ತದು ಸಿಸ್ಟಮ್ ಜೊತೆಗೇ ಬಂದಿರುತ್ತದೆ.

ಜಿಸೆಟ್ಟಿಂಗ್ಸ್ ಸೆಟ್ ಆರ್ಗ್.ಗ್ನೋಮ್.ಡೆಸ್ಕ್‌ಟಾಪ್.ಬ್ಯಾಕ್‌ಗ್ರೌಂಡ್ ಪಿಕ್ಚರ್-ಯುಆರ್‌ಐ 'ಫೈಲ್:///ಹೋಮ್/ಲ್ಯಾಬ್/ಬಾದಾಮಿ.ಜೆಪಿಜಿ'

ಫೈಲ್ ಅನ್ನೋದರ ಮುಂದೆ ಮೂರು ಓರೆಗೆರೆ, ಎರಡಲ್ಲ. ಕೊಡಬೇಕಾದ್ದು ಪೂರ್ತಿ ಪಾಥ್. ಕೋಟ್ ಒಳಗೆ ಟಿಲ್ಡೆ (~) ಹಾಕಿದರೆ ಅದು ಹೋಮ್ ಫೋಲ್ಡರ್ ಆಗಿ ಬಿಚ್ಚಿಕೊಳ್ಳುವುದಿಲ್ಲ. ಫೈಲ್ ಹೆಸರಿನ ನಡುವೆ ಸ್ಪೇಸ್ ಇದ್ದರೆ ಅಲ್ಲಿ %20 ಅಂತ ಬರೆಯಿರಿ. ಇಲ್ಲಾಂದ್ರೆ ಹೆಸರನ್ನೇ ಬದಲಿಸಿ, ಸುಮ್ನೆ ಕಿರಿಕಿರಿ ಯಾಕೆ.

ಇನ್ನೊಂದು ಗುಂಡಿ ಇದೆ, ಬೀಳುವವರು ಜಾಸ್ತಿ. 2022ರಲ್ಲಿ ಬಂದ ಗ್ನೋಮ್ 42ರಿಂದ ಡಾರ್ಕ್ ಥೀಮಿಗೆ ಬೇರೆಯದೇ ಕೀ (ಸೆಟ್ಟಿಂಗಿನ ಹೆಸರು) ಇದೆ: ಪಿಕ್ಚರ್-ಯುಆರ್‌ಐ-ಡಾರ್ಕ್. ಡಾರ್ಕ್ ಮೋಡ್ ಹಾಕಿಕೊಂಡು ಬರೀ ಮೊದಲನೇ ಕೀ ಬದಲಿಸಿದರೆ ಸ್ಕ್ರೀನ್ ಮೇಲೆ ಏನೂ ಆಗುವುದಿಲ್ಲ. ಜಿಸೆಟ್ಟಿಂಗ್ಸ್ ಗೆಟ್ ಅಂತ ಕೇಳಿದರೆ ಹೊಸ ಫೋಟೊದ ಹೆಸರನ್ನೇ ಹೇಳುತ್ತದೆ, ಕಣ್ಣೆದುರು ಮಾತ್ರ ಹಳೇದೇ ಇರುತ್ತದೆ. ನನ್ನ ಸ್ಕ್ರಿಪ್ಟಿನಲ್ಲಿ ಯಾವಾಗಲೂ ಎರಡೂ ಸಾಲು ಇರುತ್ತವೆ. ನೀವೂ ಹಾಗೇ ಮಾಡಿ.

ಜಿಸೆಟ್ಟಿಂಗ್ಸ್‌ನ ದೊಡ್ಡ ಅನುಕೂಲ ಅಂದರೆ ಒಮ್ಮೆ ಹಾಕಿದರೆ ಉಳಿಯುತ್ತದೆ. ನಮ್ಮ ಕಡೆ ಮಧ್ಯಾಹ್ನ ಕರೆಂಟ್ ಹೋಗಿ, ಯುಪಿಎಸ್ ಕೈಕೊಟ್ಟು, ಸಿಸ್ಟಮ್‌ಗಳು ದಬಾದಬಾ ಆಫ್ ಆಗುವುದು ಹೊಸದೇನಲ್ಲ. ಮತ್ತೆ ಆನ್ ಮಾಡಿದಾಗ ಗ್ನೋಮ್ ತನ್ನ ಡೇಟಾಬೇಸಿನಿಂದ ಓದಿ ಅದೇ ಫೋಟೊ ತೋರಿಸುತ್ತದೆ. ಫೆಹ್ ಹಾಗಲ್ಲ. ಅದರ ಚಿತ್ರ ಇರುವುದು ಎಕ್ಸ್ ಸರ್ವರಿನ, ಅಂದರೆ ಎಕ್ಸ್11 ನಡೆಸುವ ಪ್ರೋಗ್ರಾಮಿನ, ಮೆಮೊರಿಯಲ್ಲಿ. ಸರ್ವರ್ ನಿಂತರೆ ಚಿತ್ರವೂ ಹೋಯಿತು.

ಲ್ಯಾಬ್ ನೋಡಿಕೊಳ್ಳುವವರಿಗೆ ಗ್ನೋಮ್‌ನಲ್ಲಿ ಇನ್ನೂ ಒಂದು ಸವಲತ್ತಿದೆ. ಹುಡುಗರು ಬದಲಿಸದ ಹಾಗೆ ಬೀಗ ಹಾಕಬಹುದು. ಇಟಿಸಿ ಫೋಲ್ಡರಿನೊಳಗೆ ಡಿಕಾನ್ಫ್, ಅದರೊಳಗೆ ಡಿಬಿ, ಅಲ್ಲಿ ಲೋಕಲ್.ಡಿ ಅಂತ ಒಂದು ಫೋಲ್ಡರ್ ಮಾಡಿ. ವಾಲ್‌ಪೇಪರ್ ಸಾಲುಗಳನ್ನು ಅಲ್ಲೊಂದು ಫೈಲಿನಲ್ಲಿ ಬರೆಯಿರಿ. ಅದರ ಒಳಗಿನ ಲಾಕ್ಸ್ ಫೋಲ್ಡರಿನಲ್ಲಿ ಆ ಕೀಗಳ ಹೆಸರು ಹಾಕಿ. ಡಿಕಾನ್ಫ್ ಪ್ರೊಫೈಲಿನಲ್ಲಿ ಲೋಕಲ್ ಡೇಟಾಬೇಸ್ ಸೇರಿಸಿರಬೇಕು, ಅದನ್ನು ಮರೆಯಬೇಡಿ. ಕೊನೆಗೆ ಸೂಡೊ ಡಿಕಾನ್ಫ್ ಅಪ್‌ಡೇಟ್ (ಸೂಡೊ ಅಂದರೆ ಅಡ್ಮಿನ್ ಅಧಿಕಾರದಲ್ಲಿ ಓಡಿಸುವುದು). ಮುಂದಿನ ಲಾಗಿನ್‌ನಿಂದ ಎಲ್ಲರಿಗೂ ಒಂದೇ ಚಿತ್ರ. ಹೀಗೆ ಬೀಗ ಹಾಕುವ ಸೌಲಭ್ಯ ಫೆಹ್‌ನಂಥವುಗಳಲ್ಲಿ ಇಲ್ಲ.

ಎಕ್ಸ್‌ಎಫ್‌ಸಿಇ, ಮತ್ತೆ ಅದರ ಅಣ್ಣತಮ್ಮಂದಿರು

ಎಕ್ಸ್‌ಎಫ್‌ಸಿಇಯಲ್ಲಿ ಎಕ್ಸ್‌ಎಫ್‌ಕಾನ್ಫ್-ಕ್ವೆರಿ. ಇದೂ ಒಮ್ಮೆ ಹಾಕಿದರೆ ಉಳಿಯುತ್ತದೆ. ತೊಂದರೆ ಇರುವುದು ಪ್ರಾಪರ್ಟಿಯ ಹೆಸರಿನಲ್ಲಿ:

ಎಕ್ಸ್‌ಎಫ್‌ಕಾನ್ಫ್-ಕ್ವೆರಿ -ಸಿ ಎಕ್ಸ್‌ಎಫ್‌ಸಿಇ4-ಡೆಸ್ಕ್‌ಟಾಪ್ -ಪಿ /ಬ್ಯಾಕ್‌ಡ್ರಾಪ್/ಸ್ಕ್ರೀನ್0/ಮಾನಿಟರ್ಎಚ್‌ಡಿಎಂಐ-1/ವರ್ಕ್‌ಸ್ಪೇಸ್0/ಲಾಸ್ಟ್-ಇಮೇಜ್ -ಎಸ್ /ಹೋಮ್/ಲ್ಯಾಬ್/ಬಾದಾಮಿ.ಜೆಪಿಜಿ

ಮಾನಿಟರಿನ ಹೆಸರು ಅದರೊಳಗೇ ಇದೆ, ನೋಡಿ. ಒಂದು ಸಿಸ್ಟಮ್‌ಗೆ ವಿಜಿಎ ಕೇಬಲ್, ಪಕ್ಕದ್ದಕ್ಕೆ ಎಚ್‌ಡಿಎಂಐ ಇದ್ದರೆ ಒಂದೇ ಕಮಾಂಡ್ ಎರಡಕ್ಕೂ ಆಗುವುದಿಲ್ಲ. ವರ್ಕ್‌ಸ್ಪೇಸ್‌ಗಳಿಗೂ ಬೇರೆ ಬೇರೆ ಸಾಲು. ಹೆಸರನ್ನು ಊಹಿಸುತ್ತ ಕೂರುವ ಬದಲು ಎಕ್ಸ್‌ಎಫ್‌ಕಾನ್ಫ್-ಕ್ವೆರಿಗೆ -ಎಲ್ ಕೊಟ್ಟು ಪಟ್ಟಿ ತೆಗೆಯಿರಿ. ಗ್ರೆಪ್‌ನಿಂದ ಲಾಸ್ಟ್-ಇಮೇಜ್ ಇರುವ ಸಾಲುಗಳನ್ನು ಮಾತ್ರ ಆರಿಸಿ, ಲೂಪ್ ಹಾಕಿ ಎಲ್ಲದಕ್ಕೂ ಅದೇ ಫೋಟೊ ಕೊಡಿ. ನಾಲ್ಕು ಸಾಲಿನ ಸ್ಕ್ರಿಪ್ಟ್, ಎಲ್ಲ ಸಿಸ್ಟಮ್‌ಗೂ ನಡೆಯುತ್ತದೆ. ಬರೆಯುವಾಗ ಬೈಕೋತೀರಿ, ಆಮೇಲೆ ಅದರ ಗೋಜೇ ಇರುವುದಿಲ್ಲ.

ಉಳಿದವನ್ನು ಬೇಗ ಹೇಳಿ ಮುಗಿಸುತ್ತೇನೆ. ಸಿನಮನ್ ಮತ್ತು ಮಾಟೆ ಎರಡಕ್ಕೂ ಜಿಸೆಟ್ಟಿಂಗ್ಸೇ, ಸ್ಕೀಮಾ ಹೆಸರು (ಮೇಲಿನ ಆರ್ಗ್.ಗ್ನೋಮ್ ಅಂತ ಶುರುವಾಗುವ ಭಾಗ) ಮಾತ್ರ ಬೇರೆ. ಮಾಟೆಯಲ್ಲಿ ಕೀ ಹೆಸರು ಪಿಕ್ಚರ್-ಫೈಲ್‌ನೇಮ್. ಅದಕ್ಕೆ ಫೈಲ್:/// ಬೇಡ, ಬರೀ ಪಾಥ್ ಸಾಕು. ಕೆಡಿಇ ಪ್ಲಾಸ್ಮಾದವರು ಅದೃಷ್ಟವಂತರು: ಪ್ಲಾಸ್ಮಾ-ಅಪ್ಲೈ-ವಾಲ್‌ಪೇಪರ್‌ಇಮೇಜ್ ಅಂತ ಬರೆದು ಮುಂದೆ ಫೈಲ್ ಕೊಟ್ಟರೆ ಆಯಿತು. ರಾಸ್ಪ್‌ಬೆರಿ ಪೈ ಮತ್ತು ಎಲ್‌ಎಕ್ಸ್‌ಡಿಇಯಲ್ಲಿ ಹಿನ್ನೆಲೆ ಬಿಡಿಸುವುದು ಫೈಲ್ ಮ್ಯಾನೇಜರೇ, ಹಾಗಾಗಿ ಪಿಸಿಮ್ಯಾನ್‌ಎಫ್‌ಎಂ --ಸೆಟ್-ವಾಲ್‌ಪೇಪರ್.

ಫೆಹ್ ಮತ್ತು ಅದರ ಜೊತೆಗಾರರು

ಎಕ್ಸ್11 ಮೇಲೆ ಬರೀ ವಿಂಡೋ ಮ್ಯಾನೇಜರ್ ಇದೆ ಅನ್ನುವವರಿಗೆ ಮಾತ್ರ ನಿಜವಾದ ಆಯ್ಕೆ ಇರುವುದು. ಇಂಜಿನಿಯರಿಂಗ್ ಓದುವ ಹುಡುಗರಲ್ಲಿ, ಬೆಳಗಾವಿ ಕಡೆಯಿಂದ ರಜೆಗೆ ಬಂದವರಲ್ಲೂ, ಐ3 ಹುಚ್ಚು ಜೋರಾಗಿದೆ. ಅವರಿಗಾಗಿ ಇಲ್ಲಿ ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ಫೆಹ್ ಕಮಾಂಡ್ ತೀರಾ ಸರಳ:

ಫೆಹ್ --ಬಿಜಿ-ಫಿಲ್ ~/ಪಿಕ್ಚರ್ಸ್/ಗೋಲಗುಮ್ಮಟ.ಜೆಪಿಜಿ

ಚಿತ್ರ ಹಚ್ಚಿ ಅದು ಹೊರಬರುತ್ತದೆ, ಹಿಂದೆ ಏನೂ ಓಡುತ್ತಾ ಕೂರುವುದಿಲ್ಲ. 1920×1080 ಚಿತ್ರಕ್ಕೆ ಪಿಕ್ಸೆಲ್‌ಗೆ 4 ಬೈಟ್ ಲೆಕ್ಕದಲ್ಲಿ ಸರ್ವರಿನಲ್ಲಿ ಸುಮಾರು 8 ಎಂಬಿ ಹಿಡಿಯುತ್ತದೆ. 2 ಜಿಬಿ ರ‍್ಯಾಮ್ ಇರುವ ಮುದಿ ಸಿಸ್ಟಮ್‌ಗೂ ಅದು ಭಾರವಲ್ಲ. ಜೊತೆಗೆ ಹೋಮ್ ಫೋಲ್ಡರಿನಲ್ಲಿ .ಫೆಹ್‌ಬಿಜಿ ಅಂತ ಒಂದು ಚಿಕ್ಕ ಸ್ಕ್ರಿಪ್ಟ್ ಬರೆದಿಡುತ್ತದೆ. ಐ3 ಕಾನ್ಫಿಗ್‌ನಲ್ಲಿ ಅದನ್ನು ಓಡಿಸುವ ಸಾಲು ಸೇರಿಸಿದರೆ ಮುಂದಿನ ಸಲ ಲಾಗಿನ್ ಆದಾಗ ಅದೇ ಚಿತ್ರ ವಾಪಸ್. --ರ‍್ಯಾಂಡಮೈಸ್ ಹಾಕಿ ಫೋಲ್ಡರ್ ತೋರಿಸಿದರೆ ಪ್ರತಿಸಲ ಬೇರೆ ಬೇರೆ ಫೋಟೊ.

ಫೆಹ್ ಸಾಲದೆ ಬರುವುದು ಎಲ್ಲಿ? ಫೋಟೊದ ಆಕಾರ ಸ್ಕ್ರೀನಿಗೆ ಹೊಂದದಿದ್ದಾಗ. ಇದಕ್ಕೆ ಗೋಲಗುಮ್ಮಟಕ್ಕಿಂತ ಒಳ್ಳೆ ಉದಾಹರಣೆ ಸಿಗಲಿಕ್ಕಿಲ್ಲ. ವಿಜಯಪುರಕ್ಕೆ ಹೋದವರೆಲ್ಲ ಫೋನ್ ನೆಟ್ಟಗೆ ಹಿಡಿದೇ ಅದರ ಫೋಟೊ ತೆಗೆಯುತ್ತಾರೆ. ಚೌಕದ ಕಟ್ಟಡ, ಮೂಲೆಗಳಲ್ಲಿ ಏಳಂತಸ್ತಿನ ಮಿನಾರುಗಳು, ಮೇಲೆ ಅಷ್ಟು ದೊಡ್ಡ ಗುಮ್ಮಟ. ಫೋನ್ ಅಡ್ಡ ಹಿಡಿದರೆ ಹತ್ತಿರದಿಂದ ಪೂರ್ತಿ ಹಿಡಿಸುವುದೇ ಇಲ್ಲ. ಫೋಟೊ 3000×4000 ಇದೆ ಅಂದುಕೊಳ್ಳಿ. ಸ್ಕ್ರೀನಿನ 1920 ಅಗಲಕ್ಕೆ ಇಳಿಸಿದರೆ ಎತ್ತರ 2560 ಬರುತ್ತದೆ. ಸ್ಕ್ರೀನ್ ಇರುವುದು 1080 ಮಾತ್ರ. ಅಂದರೆ ಫೋಟೊದ ಅರ್ಧಕ್ಕಿಂತ ಜಾಸ್ತಿ ಹೊರಗೆ. ಬಿಜಿ-ಫಿಲ್ ಮೇಲೆ ಕೆಳಗೆ ಸಮನಾಗಿ ಕತ್ತರಿಸಿ ನಡುವಿನದ್ದನ್ನು ಇಟ್ಟುಕೊಳ್ಳುತ್ತದೆ. ಕೊನೆಗೆ ನಿಮ್ಮ ಸ್ಕ್ರೀನ್ ಮೇಲೆ ಉಳಿಯುವುದು ಕಮಾನು ಮತ್ತು ಗೋಡೆ. ಗುಮ್ಮಟವೇ ಇಲ್ಲದ ಗೋಲಗುಮ್ಮಟ.

ಬಿಜಿ-ಮ್ಯಾಕ್ಸ್ ಹಾಕಿದರೆ ಫೋಟೊ ಪೂರ್ತಿ ಬರುತ್ತದೆ, ಎರಡೂ ಬದಿ ಅಗಲವಾದ ಕಪ್ಪು ಪಟ್ಟಿ ಸಮೇತ. ಬಿಜಿ-ಸ್ಕೇಲ್ ಹಾಕಿದರೆ ಗುಮ್ಮಟವನ್ನು ರೊಟ್ಟಿ ತಟ್ಟಿದ ಹಾಗೆ ಚಪ್ಪಟೆ ಮಾಡಿ ಸ್ಕ್ರೀನ್ ತುಂಬಿಸುತ್ತದೆ. ಈ ಮೂರನೇ ಆಯ್ಕೆಯನ್ನು ಫೋಟೊಗಳಿಗೆ ಮುಟ್ಟಲೇಬೇಡಿ.

ಇಂಥ ಫೋಟೊಗಳಿಗೆ ಎಕ್ಸ್‌ವಾಲ್‌ಪೇಪರ್ ವಾಸಿ. ಅದರಲ್ಲಿ --ಟ್ರಿಮ್ ಅಂತ ಇದೆ. ಫೋಟೊದ ಯಾವ ಭಾಗ ಮುಖ್ಯ ಅಂತ ಅಗಲ, ಎತ್ತರ, ಎಲ್ಲಿಂದ ಶುರು ಅಂತ ಪಿಕ್ಸೆಲ್ ಲೆಕ್ಕದಲ್ಲಿ ಹೇಳಬಹುದು. ಜೊತೆಗೆ --ಫೋಕಸ್ ಕೊಟ್ಟರೆ ಆ ಭಾಗ ಕಾಣುವ ಹಾಗೆ ನೋಡಿಕೊಂಡು ಸುತ್ತಲಿನದ್ದನ್ನು ಎಷ್ಟಾಗುತ್ತೋ ಅಷ್ಟು ಸೇರಿಸುತ್ತದೆ. ಗುಮ್ಮಟವೂ ಉಳಿಯಿತು, ಪಟ್ಟಿಯೂ ಇಲ್ಲ. --ಔಟ್‌ಪುಟ್ ಕೊಟ್ಟು ಒಂದೊಂದು ಮಾನಿಟರಿಗೆ ಒಂದೊಂದು ಚಿತ್ರವನ್ನೂ ಹಾಕಬಹುದು. ಆದರೆ .ಫೆಹ್‌ಬಿಜಿ ಥರ ಏನನ್ನೂ ಬರೆದಿಡುವುದಿಲ್ಲ. ಕಮಾಂಡನ್ನು ನೀವೇ ಸ್ಟಾರ್ಟಪ್ ಫೈಲಿನಲ್ಲಿ ಇಡಬೇಕು.

ಫೆಹ್ ಬಿಡಲು ಮನಸ್ಸಿಲ್ಲವಾ? ಫೋಟೊ ತಿದ್ದುವ ಇಮೇಜ್‌ಮ್ಯಾಜಿಕ್‌ನಲ್ಲಿ ಒಮ್ಮೆ ಮೇಲ್ಭಾಗ ಉಳಿಯುವ ಹಾಗೆ ಕತ್ತರಿಸಿಟ್ಟುಕೊಳ್ಳಿ: ಮ್ಯಾಜಿಕ್ ಹಳೆಯ.ಜೆಪಿಜಿ -ರಿಸೈಜ್ 1920x1080^ -ಗ್ರಾವಿಟಿ ನಾರ್ತ್ -ಎಕ್ಸ್‌ಟೆಂಟ್ 1920x1080 ಹೊಸ.ಜೆಪಿಜಿ. ಮೇಲೆ ಆಕಾಶವೇ ಜಾಸ್ತಿ ಇರುವ ಫೋಟೊ ಆದರೆ ನಾರ್ತ್ ಬೇಡ, ಆಗ ಟ್ರಿಮ್ಮೇ ಸರಿ. ಬಾದಾಮಿಯ ಅಗಸ್ತ್ಯ ತೀರ್ಥ, ಭೂತನಾಥ ಗುಡಿ, ಹಿಂದೆ ಕೆಂಪು ಬಂಡೆ ಇರುವ ಅಡ್ಡ ಫೋಟೊಗಳಿಗೆ ಈ ತಾಪತ್ರಯ ಯಾವುದೂ ಇಲ್ಲ. ಅವಕ್ಕೆ ಬಿಜಿ-ಫಿಲ್ ಧಾರಾಳ.

ಮಳೆಗಾಲದ ಗೋಕಾಕ ಜಲಪಾತದ ಪನೋರಮಾ ಇದ್ದು, ಎರಡು ಮಾನಿಟರಿಗೂ ಒಂದೇ ಚಿತ್ರ ಹರಡಬೇಕು ಅಂದರೆ ಫೆಹ್‌ಗೆ --ನೋ-ಕ್ಸಿನೆರಾಮ ಸೇರಿಸಿ. ಗ್ನೋಮ್‌ನಲ್ಲಾದರೆ ಪಿಕ್ಚರ್-ಆಪ್ಷನ್ಸ್ ಕೀಗೆ ಸ್ಪ್ಯಾನ್ಡ್.

ಎಚ್‌ಸೆಟ್‌ರೂಟ್ ಚಿತ್ರಕ್ಕಿಂತ ಬಣ್ಣ ಇಷ್ಟಪಡುವವರಿಗೆ. ಎರಡು ಬಣ್ಣ ಬೆರೆತ ಹಿನ್ನೆಲೆ, ಮಸುಕು, ಟಿಂಟ್ ಎಲ್ಲ ಅದರಲ್ಲೇ ಆಗುತ್ತದೆ. ಒಂದು ವಿಷಯ ನೆನಪಿಡಿ: ಅದರಲ್ಲಿ -ಫಿಲ್ ಅಂದರೆ ಎಳೆದು ತುಂಬಿಸುವುದು. ಫೆಹ್‌ನ ಫಿಲ್‌ನಂಥ ಕೆಲಸ ಬೇಕಿದ್ದರೆ -ಕವರ್ ಹಾಕಬೇಕು. ಬರೀ ಒಂದೇ ಬಣ್ಣ ಸಾಕು ಅಂದರೆ ಎಕ್ಸ್‌ಸೆಟ್‌ರೂಟ್ -ಸಾಲಿಡ್ ಇದೆ. ನೈಟ್ರೋಜನ್ ಕಿಟಕಿ ತೆರೆದು ಫೋಟೊ ಆರಿಸಲು ಚೆನ್ನ, ಲಾಗಿನ್ ಆದಾಗ ನೈಟ್ರೋಜನ್ --ರಿಸ್ಟೋರ್ ಓಡಿಸಿದರೆ ಮುಗೀತು. ಆದರೆ ಟರ್ಮಿನಲ್ಲೇ ಬೇಕು ಅನ್ನುವವರಿಗೆ ನಾನು ಅದನ್ನು ಹೇಳುವುದಿಲ್ಲ.

ವೇಲ್ಯಾಂಡಿನ ವಿಂಡೋ ಮ್ಯಾನೇಜರ್‌ಗಳು

ಸ್ವೇ, ಹೈಪರ್‌ಲ್ಯಾಂಡ್, ಲ್ಯಾಬ್‌ಡಬ್ಲ್ಯುಸಿ ಥರದವುಗಳಲ್ಲಿ ವಾಲ್‌ಪೇಪರ್ ಪ್ರೋಗ್ರಾಮ್ ಚಿತ್ರ ಹಚ್ಚಿ ಎದ್ದು ಹೋಗುವ ಹಾಗಿಲ್ಲ. ಅದು ಓಡುತ್ತಿರುವಷ್ಟು ಹೊತ್ತು ಮಾತ್ರ ಚಿತ್ರ ಇರುತ್ತದೆ.

ಒಂದೇ ಫೋಟೊ ಹಾಕಿ ತಿಂಗಳುಗಟ್ಟಲೆ ಬಿಡುವವರಿಗೆ ಸ್ವೇಬಿಜಿ. ಸ್ವೇಬಿಜಿ -ಐ ಫೈಲ್ -ಎಂ ಫಿಲ್, ಅಷ್ಟೇ. ಬದಲಿಸಬೇಕಾದರೆ ಹಳೆಯದನ್ನು ಕೊಂದು ಹೊಸದನ್ನು ಓಡಿಸಬೇಕು. ಆಗಾಗ ಬದಲಿಸುವವರಿಗೆ, ಬದಲಾಗುವಾಗ ಮೆಲ್ಲನೆ ಜಾರಿ ಬರಬೇಕು ಅನ್ನುವವರಿಗೆ ಎಸ್ ಆದ ಮೇಲೆ ಮೂರು ಡಬ್ಲ್ಯು ಹೆಸರಿನ ಡೀಮನ್ (ಹಿಂದೆ ಓಡುತ್ತಲೇ ಇರುವ ಪ್ರೋಗ್ರಾಮ್) ಇದೆ, 2025ರಿಂದ ಅದರ ಹೆಸರಿನಲ್ಲಿ ಎಸ್ ಬದಲು ಎ ಬಂದಿದೆ, ಓಡಾಡುವ ಜಿಫ್ ಕೂಡ ಹಾಕುತ್ತದೆ. ಹಳೇ ಲ್ಯಾಪ್‌ಟಾಪಿನಲ್ಲಿ ಜಿಫ್ ಹಾಕಿ ಬ್ಯಾಟರಿ ನಿಲ್ಲೋದಿಲ್ಲ ಅಂತ ಬರಬೇಡಿ. ಹೈಪರ್‌ಲ್ಯಾಂಡಿನವರಿಗೆ ಹೈಪರ್‌ಪೇಪರ್ ಇದ್ದೇ ಇದೆ.

ಇವೆಲ್ಲ ಲೇಯರ್-ಶೆಲ್ ಅನ್ನೋ ಪ್ರೋಟೋಕಾಲ್ ನಂಬಿಕೊಂಡಿವೆ. ಗ್ನೋಮ್ ಅದನ್ನು ಒಪ್ಪಿಲ್ಲ. ವೇಲ್ಯಾಂಡ್ ಅಂತ ಬಂತು, ಹಾಗಾಗಿ ಸ್ವೇಬಿಜಿ ಹಾಕೋಣ ಅಂತ ಉಬುಂಟುವಿನಲ್ಲಿ ಹೊರಟರೆ ಕೆಲಸ ಆಗುವುದಿಲ್ಲ. ಅಲ್ಲಿ ಮತ್ತೆ ಜಿಸೆಟ್ಟಿಂಗ್ಸೇ.

ದಿನಾ ತಾನೇ ಬದಲಾಗಬೇಕಾ?

ಟರ್ಮಿನಲ್‌ನಲ್ಲಿ ನಡೆದ ಕಮಾಂಡ್ ಕ್ರಾನ್‌ನಲ್ಲಿ (ಹೇಳಿದ ಹೊತ್ತಿಗೆ ಕಮಾಂಡ್ ಓಡಿಸುವ ಪ್ರೋಗ್ರಾಮ್) ನಡೆಯುವುದಿಲ್ಲ ಅನ್ನೋದು ಎರಡನೇ ದೊಡ್ಡ ದೂರು. ಕ್ರಾನ್‌ಗೆ ನಿಮ್ಮ ಸ್ಕ್ರೀನ್ ಯಾವುದು ಅಂತಲೇ ಗೊತ್ತಿರುವುದಿಲ್ಲ. ಫೆಹ್, ಎಕ್ಸ್‌ವಾಲ್‌ಪೇಪರ್‌ಗೆ ಕಮಾಂಡಿನ ಮೊದಲು ಡಿಸ್ಪ್ಲೇ=:0 ಹಾಕಿ. ಜಿಸೆಟ್ಟಿಂಗ್ಸ್‌ಗೆ ಬೇಕಾದ್ದು ಡಿಬಸ್ (ಪ್ರೋಗ್ರಾಮ್‌ಗಳು ಪರಸ್ಪರ ಮಾತಾಡುವ ದಾರಿ) ವಿಳಾಸ: ಡಿಬಸ್_ಸೆಷನ್_ಬಸ್_ಅಡ್ರೆಸ್=ಯುನಿಕ್ಸ್:ಪಾಥ್=/ರನ್/ಯೂಸರ್/1000/ಬಸ್. ಅಲ್ಲಿನ 1000 ಬಳಕೆದಾರರ ಸಂಖ್ಯೆ, ಐಡಿ -ಯು ಹೊಡೆದರೆ ನಿಮ್ಮದು ಎಷ್ಟು ಅಂತ ತಿಳಿಯುತ್ತದೆ. ಎಸ್‌ಎಸ್‌ಎಚ್‌ನಿಂದ ನೆಟ್‌ವರ್ಕ್ ಮೂಲಕ ಪಕ್ಕದ ಸಿಸ್ಟಮ್‌ಗೆ ಹೋಗಿ ಬದಲಿಸುವಾಗಲೂ ಇದೇ ಬೇಕು. ಅಲ್ಲಿ ಲಾಗಿನ್ ಆಗಿರುವ ಬಳಕೆದಾರರ ಹೆಸರಿನಲ್ಲೇ ಓಡಿಸಿ, ಸೂಡೊ ಹಾಕಬೇಡಿ. ಸೂಡೊ ಹಾಕಿದರೆ ಬದಲಾಗುವುದು ರೂಟ್ (ಅಡ್ಮಿನ್) ಖಾತೆಯ ವಾಲ್‌ಪೇಪರ್.

ನನ್ನ ಕೇಳಿದರೆ ಕ್ರಾನ್‌ಗಿಂತ ಸಿಸ್ಟಮ್‌ಡಿ (ಲಿನಕ್ಸ್‌ನಲ್ಲಿ ಸೇವೆಗಳನ್ನು ಶುರುಮಾಡುವ ಪ್ರೋಗ್ರಾಮ್) ಯೂಸರ್ ಟೈಮರ್ ಮೇಲು. ಡಿಬಸ್ ವಿಳಾಸ ಅದಕ್ಕೆ ಮೊದಲೇ ಗೊತ್ತಿರುತ್ತದೆ. ಟೈಮರ್ ಫೈಲಿನಲ್ಲಿ ಪರ್ಸಿಸ್ಟೆಂಟ್=ಟ್ರೂ ಬರೆದರೆ, ಆ ಹೊತ್ತಿಗೆ ಕರೆಂಟ್ ಇಲ್ಲದೆ ಸಿಸ್ಟಮ್ ಆಫ್ ಇದ್ದರೂ ಆನ್ ಮಾಡಿ ಲಾಗಿನ್ ಆದ ಮೇಲೆ ತಪ್ಪಿಹೋದ ಕೆಲಸ ಮಾಡಿಬಿಡುತ್ತದೆ. ಕ್ರಾನ್ ಹಾಗೆ ನೆನಪಿಟ್ಟುಕೊಳ್ಳುವುದಿಲ್ಲ.

ವಿಂಡೋಸ್, ಮ್ಯಾಕ್

ವಿಂಡೋಸ್‌ನಲ್ಲಿ ರಿಜಿಸ್ಟ್ರಿಯ (ಸೆಟ್ಟಿಂಗುಗಳ ಡೇಟಾಬೇಸ್) ವಾಲ್‌ಪೇಪರ್ ಸಾಲು ಬದಲಿಸಿ ರನ್‌ಡಿಎಲ್‌ಎಲ್32 ಓಡಿಸಿ ಅನ್ನೋ ಸಲಹೆ ಎಲ್ಲ ಕಡೆ ಸಿಗುತ್ತದೆ. ಒಮ್ಮೊಮ್ಮೆ ನಡೆಯುತ್ತದೆ, ಒಮ್ಮೊಮ್ಮೆ ಇಲ್ಲ. ಪವರ್‌ಶೆಲ್‌ನಿಂದ ಸಿಸ್ಟಮ್‌ಪ್ಯಾರಾಮೀಟರ್ಸ್‌ಇನ್ಫೊ ಅನ್ನೋ ಫಂಕ್ಷನ್ನನ್ನು 20ನೇ ಸಂಖ್ಯೆಯ ಆದೇಶದೊಂದಿಗೆ ಕರೆಯುವುದೇ ಸರಿಯಾದ ದಾರಿ. ಚಿತ್ರ ಕೂರುವ ರೀತಿ ರಿಜಿಸ್ಟ್ರಿಯ ವಾಲ್‌ಪೇಪರ್‌ಸ್ಟೈಲ್‌ನಲ್ಲಿದೆ: 10 ಅಂದರೆ ಫಿಲ್, 6 ಅಂದರೆ ಫಿಟ್, 2 ಅಂದರೆ ಸ್ಟ್ರೆಚ್. ವಿಂಡೋಸ್ ನಿಮ್ಮ ಜೆಪೆಗ್ ಫೋಟೊವನ್ನು 85ರ ಗುಣಮಟ್ಟಕ್ಕೆ ಇಳಿಸಿ ನಕಲು ಮಾಡಿಕೊಳ್ಳುತ್ತದೆ. ಆಕಾಶದ ನೀಲಿಯಲ್ಲಿ ಪಟ್ಟೆಪಟ್ಟೆ ಕಂಡರೆ ರಿಜಿಸ್ಟ್ರಿಯಲ್ಲಿ ಜೆಪೆಗ್‌ಇಂಪೋರ್ಟ್‌ಕ್ವಾಲಿಟಿ 100 ಮಾಡಿ ಮತ್ತೆ ಹಾಕಿ.

ಮ್ಯಾಕ್‌ನಲ್ಲಿ ಓಎಸ್‌ಎಸ್ಕ್ರಿಪ್ಟ್ ಕಮಾಂಡಿನಿಂದ ಸಿಸ್ಟಮ್ ಇವೆಂಟ್ಸ್‌ಗೆ ಪ್ರತಿ ಡೆಸ್ಕ್‌ಟಾಪಿನ ಪಿಕ್ಚರ್ ಬದಲಿಸಲು ಹೇಳಿದರೆ ಸಾಕು. ಮೊದಲ ಸಲ ಅನುಮತಿ ಕೇಳುತ್ತದೆ, ಕೊಡಿ.

ಯಾವ ಕಮಾಂಡ್ ಹಾಕಿದರೂ ಫೋಟೊ ಮಸುಕಾಗಿ ಕಾಣುತ್ತಿದ್ದರೆ ಕಮಾಂಡ್ ಬದಲಿಸುವ ಮೊದಲು ಫೋಟೊದ ಅಳತೆ ನೋಡಿ. ಇಮೇಜ್‌ಮ್ಯಾಜಿಕ್‌ನ ಐಡೆಂಟಿಫೈ ಒಂದೇ ಸಾಲಿನಲ್ಲಿ ಹೇಳುತ್ತದೆ. ಅಗಲ 1920ಕ್ಕಿಂತ ಕಡಿಮೆ ಇದ್ದರೆ ಅದು ವಾಟ್ಸಾಪ್‌ನಲ್ಲಿ ಕುಗ್ಗಿ ಬಂದ ಫೋಟೊ ಇರಬಹುದು. ತೆಗೆದವರಿಗೆ ಅದನ್ನು ಡಾಕ್ಯುಮೆಂಟ್ ಮಾಡಿ ಇನ್ನೊಮ್ಮೆ ಕಳಿಸಲು ಹೇಳಿ.